ಊರಿನ ಕಾಲಮ್ಮಿನಲ್ಲಿ ಅಂಗಳ

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಗುಂಡ್ಲುಪೇಟೆ ಕೇಂದ್ರದಿಂದ ಫೋನು ಬಂತು.

"ಸಾ, ಅಂಗಳದೋರು ಬಂದವ್ರೆ."

"ಬಂದವರನ್ನ ಅಂಗಳದಲ್ಲಿ ಯಾಕಮ್ಮ ನಿಲ್ಲಿಸಿದ್ದೀಯ? ಒಳಗೆ ಕರೆದು ಕೂರಿಸು."

"ಒಳಗೇ ಕುಂತವ್ರೆ ಸಾ, ಟೀನೂ ಕುಡುದ್ರು. ಅವ್ರ ಆಡು ಬೇಕಂತೆ."

ಆಡು ಅಂದರೆ ಹಾಡು ಎಂದು ನನಗೆ ತಕ್ಷಣ ಹೊಳೆಯಿತು. ಮೇಕೆ ಕೇಳಿಕೊಂಡು ನಮ್ಮ ಕೇಂದ್ರಕ್ಕೆ ಯಾರೂ ಬರುವುದಿಲ್ಲ. ಒಳಗೆ ಕೂತು ಟೀ ಕುಡಿದವರ ವಿಷಯದಲ್ಲಿ ಅಂಗಳದ ಮಾತು ಯಾಕೆ ಬಂತು ಅನ್ನುವುದು ಮಾತ್ರ ಅರ್ಥವಾಗಲಿಲ್ಲ. ಕೆಲಸದ ಹೊತ್ತು, ಕೇಳುತ್ತಾ ಕೂರಲಿಲ್ಲ.

ನಾನು ಚಾಮರಾಜನಗರದಲ್ಲಿ ಒಂದು ಧ್ವನಿ ಮತ್ತು ದೃಶ್ಯ ಸಂಗ್ರಹದ ಸರ್ವರ್ ನೋಡಿಕೊಳ್ಳುತ್ತೇನೆ. ಸುತ್ತಲಿನ ಊರುಗಳ ಹಾಡು, ಕಥೆ, ಬೇಸಾಯದ ಮಾತು, ಕೈಕಸುಬು ಎಲ್ಲವನ್ನೂ ದಾಖಲಿಸಿಡುವ ಸಂಸ್ಥೆ ನಮ್ಮದು. ಕಡತಗಳೆಲ್ಲ ಇರುವುದು ಇಲ್ಲಿನ ಒಂದು ತಣ್ಣನೆಯ ಕೋಣೆಯ ಸರ್ವರಿನಲ್ಲಿ. ಅದನ್ನು ತೆರೆದು ನೋಡುವ ಕಂಪ್ಯೂಟರುಗಳಿಗೆ ಕ್ಲೈಂಟ್ ಅನ್ನುತ್ತೇವೆ. ಮೂರು ನಮ್ಮ ಕಚೇರಿಯಲ್ಲಿವೆ, ಎರಡು ಗುಂಡ್ಲುಪೇಟೆಯಲ್ಲಿ. ಪ್ರತಿ ದಾಖಲೆಗೂ ಒಂದು ನಂಬರು, ಒಂದು ಮೂಲ ಕಡತ, ನೋಡುವುದಕ್ಕೆ ಒಂದು ಹಗುರ ಪ್ರತಿ, ಜೊತೆಗೆ ಒಂದು ವಿವರದ ಚೀಟಿ. ಹಾಡಿದವರ ಹೆಸರು, ಊರು, ದಾಖಲಿಸಿದ ಜಾಗ ಎಲ್ಲ ಆ ಚೀಟಿಯಲ್ಲಿರುತ್ತವೆ. ಚೀಟಿ ಸರಿಯಿಲ್ಲದಿದ್ದರೆ ಕಡತ ಇದ್ದೂ ಇಲ್ಲದ ಹಾಗೆ, ಯಾರ ಕೈಗೂ ಸಿಗುವುದಿಲ್ಲ.

ಗುಂಡ್ಲುಪೇಟೆಯಲ್ಲಿ ಈ ಚೀಟಿಗಳನ್ನು ಬರೆಯುವಾಕೆ ಭೀಮನಬೀಡಿನವರು. ಎರಡು ಮಕ್ಕಳ ತಾಯಿ. ಕೇಂದ್ರದ ಬಾಗಿಲು ತೆಗೆಯುವುದರಿಂದ ಹಿಡಿದು ಬಂದವರಿಗೆ ಟೀ ಕಾಯಿಸುವವರೆಗೆ ಎಲ್ಲ ಅವರದೇ. ಫೋನು ಮಾಡಿದ್ದೂ ಅವರೇ. ಹಾಡು ಕೇಳಿಕೊಂಡು ಬಂದಿದ್ದವರು ಒಬ್ಬ ಅಜ್ಜಿ, ಅವರ ಮಗಳು. ಮಗಳು ಫೋನು ಕೈಗೆ ತೆಗೆದುಕೊಂಡರು.

"ಅಣ್ಣ, ನಮ್ಮವ್ವ ಸೋಬಾನೆ ಏಳೋಳು. ಮೂರ್ ವರ್ಸದ ಇಂದೆ ನಿಮ್ಮೋರು ಕರ್ಕಬಂದು ಅದ್ನಾರು ಆಡು ತುಂಬ್ಕಂಡಿದ್ರು. ಆಮೇಕೆ ಗಂಟ್ಲಲ್ಲಿ ಗಡ್ಡೆ ಬಂತು. ಮೈಸೂರಲ್ಲಿ ಆಪ್ರೇಸನ್ ಮಾಡಿ ದನಿ ಪೆಟ್ಗೆನೇ ತೆಗ್ದುಬುಟ್ರು. ಈಗ ಒಂದು ಮಾತೂ ಬರಾಕಿಲ್ಲ. ಬರೋ ಸ್ವಾಮಾರ ಬುಟ್ಟು ಅದ್ರಾಚೆ ಸ್ವಾಮಾರ ನನ್ ಮಗಳ ಮದ್ವೆ. ಊರೋರ್ಗೆಲ್ಲ ಆಡ್ದೋಳು ಮೊಮ್ಮಗಳ್ಗೆ ಆಡಾಕಾಗ್ಲಿಲ್ವಲ್ಲ ಅಂತ ಸರ್ಯಾಗಿ ಊಟಾನೇ ಮಾಡ್ತಿಲ್ಲ. ನಿಮ್ತವ ಅದಲ್ಲ, ಅದ್ನ ಒಂದು ಪೆನ್ ಡ್ರೈವ್‌ಗೆ ಆಕ್ಕೊಡಿ ಸಾಕು."

"ಹತ್ತು ನಿಮಿಷ ಇರವ್ವ," ಅಂದೆ. ಎಷ್ಟು ಸಲೀಸಾಗಿ ಅಂದೆ ಅಂದರೆ, ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಅಜ್ಜಿಯ ಹೆಸರು ಹಾಕಿ ಹುಡುಕಿದೆ. ಸೊನ್ನೆ. ಹೆಸರಿನ ಅರ್ಧ ಹಾಕಿದೆ. ಸೊನ್ನೆ. ಸೋಬಾನೆ ಎಂದು ಹಾಕಿದರೆ ನೂರಾರು ಬಂದವು, ಅದರಲ್ಲಿ ಈ ಅಜ್ಜಿ ಇಲ್ಲ. ಚೀಟಿ ಬರೆಯುವಾಕೆಯನ್ನು ಕೇಳಿದೆ.

"ಎಲ್ಲಿಯವರಮ್ಮ ಅವರು?"

"ಆಗ್ಲೇ ಏಳಿದ್ನಲ್ಲ ಸಾ, ಅಂಗಳದೋರು."

"ಅಂಗಳದ ವಿಷಯ ಬಿಡಮ್ಮ! ಇಲ್ಲಿ ಇವರ ದಾಖಲೆಯೇ ಇಲ್ಲ."

"ಅದೆ ಸಾ! ನನ್ ಕಂಪ್ಯೂಟ್ರಲ್ಲಿ ಕಾಣ್ತಾ ಅದೆ. ಅಜ್ಜಿ ನೀಲಿ ಸೀರೆ ಉಟ್ಕಂಡು ಕುಂತವ್ರೆ."

"ಅದರ ಮೇಲೆ ಒತ್ತು ನೋಡೋಣ."

"ಒತ್ತುದ್ರೆ ಕಡತ ಸಿಗಲಿಲ್ಲ ಅಂತದೆ."

ಇದೆಂಥಾ ಕರ್ಮ! ಎಲ್ಲ ಕಡತ ಇರುವ ಜಾಗದಲ್ಲಿ ಕೂತ ನನಗೆ ಅಜ್ಜಿ ಇಲ್ಲ. ಮೂವತ್ತೈದು ನಲವತ್ತು ಕಿಲೋಮೀಟರ್ ಆಚೆ ಕೂತ ಆಕೆಗೆ ಅಜ್ಜಿ ಇದ್ದಾರೆ, ಮುಟ್ಟಿದರೆ ಇಲ್ಲ. ಆಕೆಯ ಖಾತೆಗೂ ನನ್ನ ಖಾತೆಗೂ ಅನುಮತಿಯಲ್ಲಿ ಏನಾದರೂ ವ್ಯತ್ಯಾಸವಿದೆಯೇ ಎಂದು ನೋಡಿದೆ. ಇರಲಿಲ್ಲ. ಎರಡು ಊರಿನ ನಡುವಿನ ಸಂಪರ್ಕ ಕಡಿದು ಮತ್ತೆ ಜೋಡಿಸಿದೆ. ಏನೂ ಬದಲಾಗಲಿಲ್ಲ. ಕೊನೆಗೆ ಹುಡುಕುವ ಸೂಚಿಯೇ ಕೆಟ್ಟಿದೆ ಎಂದು ತೀರ್ಮಾನಿಸಿದೆ. ಪುಸ್ತಕದ ಹಿಂದೆ ಯಾವ ಪದ ಯಾವ ಪುಟದಲ್ಲಿದೆ ಎಂದು ಪಟ್ಟಿ ಇರುತ್ತದಲ್ಲ, ಸರ್ವರಿಗೂ ಅಂಥದೊಂದು ಇರುತ್ತದೆ. ಅದನ್ನು ಅಳಿಸಿ ಹೊಸದಾಗಿ ಕಟ್ಟಲು ಹಚ್ಚಿದೆ. ಐದು ಗಂಟೆಯ ಕೆಲಸ. ಅಷ್ಟು ಹೊತ್ತೂ ಎಲ್ಲರ ಕಂಪ್ಯೂಟರೂ ತೆವಳುತ್ತಿತ್ತು. ನಮ್ಮ ಕಚೇರಿಯಲ್ಲಿ ಮರುದಿನ ಸಂಜೆ ಅತಿಥಿಗಳಿಗೆ ತೋರಿಸಬೇಕಾಗಿದ್ದ ಒಂದು ಚಿತ್ರದ ಸಂಕಲನ ನಡೆದಿತ್ತು. ಸಂಕಲನಕಾರ ಎರಡು ಸಲ ಬಂದು ನನ್ನ ಬಾಗಿಲಲ್ಲಿ ನಿಂತು ಗಡಿಯಾರ ನೋಡಿ ಹೋದ. ಎರಡು ಗಂಟೆಗೆ ನಾನು ಊಟದ ಡಬ್ಬಿ ಬಿಚ್ಚಿದೆ. ಆ ಎರಡು ಗಂಟೆಗೆ ಸರ್ವರಿನೊಳಗೆ ಇನ್ನೊಂದು ಕೆಲಸವೂ ನಡೆಯಿತು. ಅದು ನನಗೆ ತಿಳಿದದ್ದು ಮರುದಿನ.

ಸಂಜೆ ಸೂಚಿ ಸಿದ್ಧವಾಯಿತು. ಹುಡುಕಿದೆ. ಸೊನ್ನೆ.

ಅಷ್ಟು ಹೊತ್ತಿಗೆ ಅಜ್ಜಿ, ಮಗಳು ಬಸ್ಸು ಹತ್ತಿ ಊರಿಗೆ ಹೋಗಿದ್ದರು. "ಅಜ್ಜಿ ಓಗುವಾಗ ಕಂಪ್ಯೂಟ್ರು ಪರದೆ ಮ್ಯಾಲೆ ಕೈಯಾಡ್ಸಿ ಓದ್ರು ಸಾ," ಎಂದು ಆಕೆ ಫೋನಿನಲ್ಲಿ ಹೇಳಿದರು. ಅದನ್ನು ಯಾಕಾದರೂ ಹೇಳಿದರೋ ಅನ್ನಿಸಿತು.

ನಾನು ಹರದನಹಳ್ಳಿಯವನು. ಬೈಕಿನಲ್ಲಿ ಓಡಾಡುತ್ತೇನೆ. ಮನೆಗೆ ಹೋದಾಗ ಅವ್ವ ನನ್ನ ಮುಖ ನೋಡಿ, "ಯಾಕ್ಲಾ ಮಕ ಇಂಗ್ ಮಾಡ್ಕಂಡಿದ್ದೀಯ?" ಅಂದಳು.

"ಒಂದು ಹಾಡು ಸಿಗ್ತಿಲ್ಲ ಅವ್ವ."

"ಹಾಡು!" ಎಂದು ನನ್ನ ಹೆಂಡತಿ ಒಳಗಿನಿಂದ ಅಣಕಿಸಿದಳು. "ಅಷ್ಟು ಒತ್ತಿ ಏಳುದ್ರೆ ಅದು ಎದ್ರಕಂಡು ಓಡೋಗಿರ್ತದೆ ಬುಡಿ."

ಈ ‘ಹ’ಕಾರ ನನ್ನ ಹಳೆಯ ಗಾಯ. ಮೈಸೂರಿನ ಪಾಲಿಟೆಕ್ನಿಕ್ಕಿನಲ್ಲಿ ಮೊದಲ ವಾರವೇ ಎದ್ದು ನಿಂತು ‘ಆರ್ಡ್ ಡಿಸ್ಕ್’ ಅಂದಿದ್ದೆ. ತರಗತಿಯೇ ಬಿದ್ದು ಬಿದ್ದು ನಕ್ಕಿತು. ಮೂರು ವರ್ಷ ನನ್ನ ಹೆಸರೇ ಆರ್ಡ್ ಡಿಸ್ಕ್ ಆಗಿಹೋಯಿತು. ಅವತ್ತಿನಿಂದ ಪಣ ತೊಟ್ಟವನಂತೆ ಒಂದು ‘ಹ’ವನ್ನೂ ಬಿಟ್ಟಿಲ್ಲ. ಅವ್ವನ ಬಾಯಲ್ಲಿ ಇವತ್ತಿಗೂ ನಮ್ಮೂರು ಅರದನಳ್ಳಿ. ನನ್ನ ಬಾಯಲ್ಲಿ ಮಾತ್ರ ಅಕ್ಷರ ಅಕ್ಷರ ಬಿಡಿಸಿದ ಹರದನಹಳ್ಳಿ.

ಬುಧವಾರ ಬೆಳಿಗ್ಗೆ ಗುಂಡ್ಲುಪೇಟೆ ಬಸ್ಸು ಹತ್ತಿದೆ. ಅಲ್ಲಿನ ಪರದೆಯಲ್ಲಿ ಏನು ಕಾಣುತ್ತಿದೆ ಅನ್ನುವುದನ್ನು ಕಣ್ಣಾರೆ ನೋಡದೆ ಬೇರೆ ದಾರಿ ಇರಲಿಲ್ಲ. ತೆರಕಣಾಂಬಿ ದಾಟುವಷ್ಟರಲ್ಲಿ ಆಕೆಯ ಮೇಲೆಯೇ ನನಗೆ ಅನುಮಾನ ಬಂದಿತ್ತು. ತಪ್ಪು ಚೀಟಿಗೆ ತಪ್ಪು ಚಿತ್ರ ಅಂಟಿಸಿಕೊಂಡು ನನ್ನ ಜೀವ ತಿನ್ನುತ್ತಿದ್ದಾಳೆ ಎಂದುಕೊಂಡು ಒಳಗೊಳಗೇ ಬೈದುಕೊಂಡೆ.

ಹನ್ನೊಂದೂವರೆಗೆ ಆಕೆಯ ಕಂಪ್ಯೂಟರಿನ ಮುಂದೆ ಕೂತೆ. ಅಜ್ಜಿ ಇದ್ದರು! ಬೆರಳುಗುರಿನಷ್ಟು ಚಿತ್ರ. ನೀಲಿ ಸೀರೆ, ಹಿಂದೆ ನಮ್ಮ ದಾಖಲೆ ಕೋಣೆಯ ಹಸಿರು ಪರದೆ. ಚಿತ್ರದ ಕೆಳಗೆ ನಂಬರು ೪೧೭೩. ಅದನ್ನು ನೋಡಿದಾಗ ಒಂದು ಗೋಜಲು ಬಿಡಿಸಿಕೊಂಡಿತು. ಕ್ಲೈಂಟು ಪ್ರತಿ ಸಲ ಸರ್ವರನ್ನು ಕೇಳುವುದಿಲ್ಲ. ಬೇಗ ತೋರಿಸಲೆಂದು ಒಮ್ಮೆ ನೋಡಿದ ಚಿತ್ರಗಳ ಪ್ರತಿಯನ್ನು ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಇದು ಅಂಥ ಹಳೆಯ ಪ್ರತಿ. ಅಂದರೆ ದಾಖಲೆ ಇದ್ದದ್ದು ನಿಜ. ಯಾರೋ ತೆಗೆದಿದ್ದಾರೆ.

ನನ್ನ ಖಾತೆಯಿಂದ ಒಳಗೆ ಹೋಗಿ ಹೆಸರು ಬಿಟ್ಟು ಬರೀ ನಂಬರು ಹಾಕಿ ಕೇಳಿದೆ. ಉತ್ತರ ಬಂತು. ‘ಸ್ಥಿತಿ: ಕಸದ ಬುಟ್ಟಿಯಲ್ಲಿದೆ.’ ತೆಗೆದವರು ಯಾರು ಎಂಬ ಕಡೆ ನನ್ನದೇ ಹೆಸರು ಇತ್ತು.

"ಯಾರ್ ಸಾ ತೆಗ್ದಿರೋದು?" ಎಂದು ಆಕೆ ಹಿಂದಿನಿಂದ ಕೇಳಿದರು. ಆ ಸಾಲನ್ನು ಬೇಗ ಮೇಲಕ್ಕೆ ಸರಿಸಿದೆ.

ತಿಂಗಳ ಹಿಂದೆ ಸರ್ವರಿನಲ್ಲಿ ಜಾಗ ತುಂಬಿಹೋಗಿತ್ತು. ನೂರಕ್ಕೆ ತೊಂಬತ್ತೇಳು ಭಾಗ. ಎರಡು ದಿನ ಕೂತು ಸ್ವಚ್ಛತೆ ಮಾಡಿದ್ದೆ. ಊರಿನ ಕಾಲಮ್ಮಿನಲ್ಲಿ ಜನ ಮನಸ್ಸಿಗೆ ಬಂದದ್ದು ಬರೆದಿದ್ದರು. ‘ಬೇಗೂರು ಹತ್ರ’, ‘ಅವರ ಹಿತ್ತಲು’, ‘ಅವರ ತೋಟ’. ಅಚ್ಚಾದ ಊರುಗಳ ಪಟ್ಟಿ ಮುಂದಿಟ್ಟುಕೊಂಡು ಒಂದೊಂದಾಗಿ ಸರಿಪಡಿಸಿದ್ದೆ. ‘ಅರದನಳ್ಳಿ’ ಎಂದು ಸಿಕ್ಕಾಗ ನಗು ಬಂತು. ನಮ್ಮೂರಲ್ಲವೇ, ತಿದ್ದಿದೆ. ಹಿತ್ತಲು, ತೋಟ ಎಲ್ಲ ದಾಖಲಿಸಿದ ಜಾಗಗಳು, ಊರುಗಳಲ್ಲ. ಅವನ್ನೆಲ್ಲ ಜಾಗದ ಕಾಲಮ್ಮಿಗೆ ಸರಿಸಿ ‘ಹೊರಾಂಗಣ’ ಎಂದು ಒಂದೇ ಪದ ಹಾಕಿ, ಊರಿನ ಕಾಲಮ್ಮನ್ನು ಖಾಲಿ ಬಿಟ್ಟಿದ್ದೆ. ಜೊತೆಜೊತೆಗೇ ಸರ್ವರಿಗೆ ಒಂದು ನಿಯಮ ಕೊಟ್ಟಿದ್ದೆ. ಊರು ಖಾಲಿ ಇದ್ದು, ತಪಾಸಣೆಯ ತಂತ್ರಾಂಶ ‘ಧ್ವನಿ ದೋಷ’ ಎಂದು ಗುರುತು ಹಾಕಿದ್ದರೆ, ಅದು ಯಾರಿಗೂ ಬೇಡದ ಕೆಟ್ಟ ದಾಖಲೆ, ಬುಟ್ಟಿಗೆ ಹೋಗಲಿ. ಬುಟ್ಟಿಯಲ್ಲಿ ಮೂವತ್ತು ದಿನ. ಆಮೇಲೆ ಮಧ್ಯಾಹ್ನ ಎರಡಕ್ಕೆ ತಾನಾಗಿ ಅಳಿಸಿಹೋಗಲಿ. ಬುಟ್ಟಿಯಲ್ಲಿರುವುದು ಹುಡುಕಾಟದಲ್ಲಿ ಕಾಣಬಾರದು ಎಂದು ಮಾಡಿದವನೂ ನಾನೇ. ನಾನು ತೆಗೆದದ್ದೆಲ್ಲ ಕಸವೆಂದು ಎಷ್ಟು ಧೈರ್ಯವಿತ್ತೆಂದರೆ, ಮಂಗಳವಾರ ಇಡೀ ದಿನ ಬುಟ್ಟಿಯ ನೆನಪೇ ನನಗೆ ಬರಲಿಲ್ಲ.

ಆದರೆ ಈ ಅಜ್ಜಿಗೆ ಊರು ಯಾಕಿಲ್ಲ? ಕೂತದ್ದು ನಮ್ಮ ಕೋಣೆಯಲ್ಲಿ, ಹಿಂದೆ ಹಸಿರು ಪರದೆ. ಇದು ಹೊರಾಂಗಣ ಹೇಗಾಯಿತು? ೪೧೭೩ನ್ನು ಬುಟ್ಟಿಯಿಂದ ಎತ್ತಿ ಓಡಿಸಿದೆ. ಅಜ್ಜಿ ತುಟಿ ಅಲ್ಲಾಡಿಸುತ್ತಿದ್ದರು. ಚಿತ್ರ ಚೆನ್ನಾಗಿದೆ. ದೋಷ ಎಲ್ಲಿದೆ? ಮತ್ತೆ ಮತ್ತೆ ನೋಡಿದೆ.

"ಸಾ, ಕೇಳ್ರಲ್ಲ," ಅಂದರು ಆಕೆ.

"ಏನು ಹೇಳಮ್ಮ."

"ನಾನಲ್ಲ ಸಾ. ಅವ್ರು ಏಳದ ಕೇಳಿ." ಮೇಜಿನ ಮೇಲಿದ್ದ ಹೆಡ್‌ಫೋನು ತೆಗೆದು ನನ್ನ ಕೈಗಿಟ್ಟರು.

ನಾಚಿಕೆಯ ಸಂಗತಿ ಹೇಳಿಬಿಡುತ್ತೇನೆ. ಇಷ್ಟು ವರ್ಷ ಧ್ವನಿ ಸಂಗ್ರಹ ಕಾಯ್ದವನು ನಾನು, ಒಂದು ದಾಖಲೆಯನ್ನೂ ಕೂತು ಕೇಳಿದವನಲ್ಲ. ನನ್ನ ಸರ್ವರ್ ಕೋಣೆಯಲ್ಲಿ ಸ್ಪೀಕರೇ ಇಲ್ಲ. ಕಡತ ತೆರೆಯುತ್ತದೆಯೇ, ಗಾತ್ರ ಸರಿಯಿದೆಯೇ, ಪರದೆಯ ಮೇಲೆ ದನಿಯ ಗೆರೆ ಅಲ್ಲಾಡುತ್ತದೆಯೇ, ಅಷ್ಟೇ ನನ್ನ ಕೆಲಸ. ಹೆಡ್‌ಫೋನು ಹಾಕಿಕೊಂಡೆ. ಗಟ್ಟಿ ದನಿ, ನಗು ಬೆರೆತ ದನಿ. ದಾಖಲಿಸುವವನು ಪರಿಚಯ ಕೇಳುತ್ತಾನೆ. ಅಜ್ಜಿ ಹೆಸರು ಹೇಳಿ, ಉಸಿರು ಎಳೆದುಕೊಂಡು ಅನ್ನುತ್ತಾರೆ: "ನಮ್ಮೂರು ಅಂಗಳ ಕಣಪ್ಪ."

ನಮ್ಮೂರು ಅಂಗಳ!

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದರೆ ಸಿಗುವ ಊರು ಹಂಗಳ. ಇಲ್ಲಿನ ಎಲ್ಲರಿಗೂ ಗೊತ್ತು, ನನಗೂ ಗೊತ್ತು. ‘ಹ’ ಬಿಟ್ಟರೆ ಅಂಗಳ. ಅರದನಳ್ಳಿಯಲ್ಲಿ ಹುಟ್ಟಿದವನು ನಾನು. ಓಗು, ಆಲು, ಅಸು, ಉಡ್ಗ ಎಂದು ಕೇಳಿಕೊಂಡು ಬೆಳೆದವನು. ಆಡನ್ನು ಹಾಡು ಮಾಡಿಕೊಂಡ ಕಿವಿ ಅಂಗಳವನ್ನು ಹಂಗಳ ಮಾಡಿಕೊಳ್ಳಲಿಲ್ಲ. ಯಾಕೆಂದರೆ ಅಂಗಳವೂ ಒಂದು ಒಳ್ಳೆಯ ಪದವೇ. ಕಾಗುಣಿತ ಸರಿಯಿದೆ. ತಿದ್ದುವವನ ಕಣ್ಣಿಗೆ ತಪ್ಪು ಕಾಣಿಸಿದ್ದು ಕಾಲಮ್ಮು ಮಾತ್ರ.

"ಅಮ್ಮ, ಊರಿನ ಕಾಲಮ್ಮಿನಲ್ಲಿ ಅಂಗಳ ಅಂತ ಯಾಕೆ ಬರೆದೆ?"

ಆಕೆ ಗಾಬರಿಯಾದರು. "ನೀವೇ ಅಲ್ವಾ ಸಾ ಟ್ರೇನಿಂಗಲ್ಲಿ ಏಳಿದ್ದು, ಅವ್ರು ಎಂಗ್ ಏಳ್ತಾರೋ ಅಂಗೇ ಬರೀಬೇಕು, ನಾವು ತಿದ್ದಬಾರ್ದು ಅಂತ. ಅಂಗೇ ಬರ್ದಿವ್ನಿ."

ಹೌದು. ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಟ್ಟಿದ್ದೆ. ಅದು ಹಾಡಿನ ಸಾಲುಗಳಿಗೆ ಎಂದು ಬರೆಯುವುದನ್ನು ಮರೆತಿದ್ದೆ. ತಿಂಗಳ ಹಿಂದೆ ಈ ಪದ ಕಂಡಾಗ ಒಂದು ಫೋನು ಮಾಡಿ ಕೇಳಿದ್ದರೆ ಅರ್ಧ ನಿಮಿಷದ ಮಾತು. ಕೇಳಲಿಲ್ಲ. ನನಗೆ ಅಷ್ಟು ಗೊತ್ತಿತ್ತು!

ಬದಲಾವಣೆಗಳ ದಾಖಲೆಯನ್ನು ತೆಗೆದೆ. ಸರ್ವರು ಯಾವ ಚೀಟಿಯಲ್ಲಿ ಯಾವ ಪದ ಹೋಗಿ ಯಾವುದು ಬಂತು ಎಂದು ಬರೆದಿಟ್ಟುಕೊಂಡಿರುತ್ತದೆ. ಅಂಗಳ ಹೋಗಿ ಹೊರಾಂಗಣ ಬಂದ, ದೋಷದ ಗುರುತೂ ಇದ್ದ ಚೀಟಿಗಳು ನಲವತ್ತಮೂರು. ಎಲ್ಲವೂ ಬುಟ್ಟಿಗೆ. ಸ್ವಚ್ಛತೆ ಎರಡು ದಿನ ಮಾಡಿದ್ದೆನಲ್ಲ, ಮೊದಲ ದಿನ ಎಸೆದದ್ದರ ಮೂವತ್ತು ದಿನ ಮುಗಿದದ್ದು ನಿನ್ನೆ ಎರಡು ಗಂಟೆಗೆ. ನಾನು ಡಬ್ಬಿ ಬಿಚ್ಚಿಕೊಂಡು ಉಣ್ಣುತ್ತಿದ್ದಾಗ ಹದಿನೇಳು ದಾಖಲೆ ಅಳಿಸಿಹೋಗಿದ್ದವು. ಅದರಲ್ಲಿ ಅಜ್ಜಿಯ ಐದು ಹಾಡು. ಉಳಿದದ್ದು ಇವತ್ತು ಎರಡಕ್ಕೆ ಹೋಗುವುದಿತ್ತು. ಗಡಿಯಾರ ನೋಡಿದೆ. ಹನ್ನೆರಡೂ ಐವತ್ತು.

ಒಂದೊಂದಾಗಿ ಎತ್ತಲು ಶುರು ಮಾಡಿದೆ. ಎರಡು ಬಂದವು. ಮೂರನೆಯದಕ್ಕೆ ‘ಜಾಗ ಸಾಲದು’ ಎಂದು ನಿಂತಿತು. ಸಂಕಲನದವರು ಚಿತ್ರದ ಕೆಲಸಕ್ಕೆ ಇದ್ದಬದ್ದ ಜಾಗವೆಲ್ಲ ಹಿಡಿದಿದ್ದರು. ಅಳಿಸುವ ನಿಯಮವನ್ನೇ ನಿಲ್ಲಿಸೋಣವೆಂದರೆ, ಅದನ್ನು ಹೊರಗಿನ ಕ್ಲೈಂಟಿನಿಂದ ಮುಟ್ಟುವಂತಿಲ್ಲ. ಯಾರೋ ತಿಳಿಯದೆ ಬುಟ್ಟಿಗೆ ಕೈ ಹಾಕಿಬಿಟ್ಟಾರು ಎಂದು ಹಾಗೆ ಬಿಗಿ ಮಾಡಿದವನೂ, ಹೇಳಬೇಕಾಗಿಲ್ಲ, ನಾನೇ. ಸರ್ವರಿನ ಮುಂದೆಯೇ ಕೂತು, ನನ್ನ ಗುಪ್ತಪದ ಹಾಕಿ ಮಾಡಬೇಕು. ಮುಂದಿನ ಬಸ್ಸು ಒಂದೂವರೆಗೆ, ಹಿಡಿದರೂ ಎರಡಕ್ಕೆ ಮುಟ್ಟುವುದಿಲ್ಲ. ಗುಪ್ತಪದ ಫೋನಿನಲ್ಲಿ ಹೇಳಿ ಯಾರಿಂದಾದರೂ ಮಾಡಿಸೋಣವೆಂದರೆ, ಸಂಕಲನಕಾರನಿಗೆ ಆ ಪರದೆ ಯಾವುದೆಂದೇ ಗೊತ್ತಿಲ್ಲ. ಒಂದು ಗುಂಡಿ ತಪ್ಪಿ ಒತ್ತಿದರೆ ಬುಟ್ಟಿ ಆಗಲೇ ಖಾಲಿ. ನಕಲು ಡಿಸ್ಕು ಇತ್ತು. ಆದರೆ ಅದು ಇಲ್ಲಿದ್ದದ್ದನ್ನು ಹಾಗೇ ತೋರಿಸುವ ಕನ್ನಡಿ, ಇಲ್ಲಿ ಬುಟ್ಟಿಗೆ ಹೋದದ್ದು ಅಲ್ಲಿಂದಲೂ ಹೋಗಿರುತ್ತದೆ.

ಒಂದೂಕಾಲಾಯಿತು. ಉಳಿದದ್ದು ಒಂದೇ ದಾರಿ. ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ನನಗೆ ಐದು ನಿಮಿಷ ಬೇಕಾಯಿತು. ನಿರ್ದೇಶಕರಿಗೆ ಫೋನು ಮಾಡಿದೆ.

"ಸಾರ್, ಸರ್ವರ್ ಕೋಣೆಗೆ ಹೋಗಿ. ಕೆಳಗಡೆ ಯುಪಿಎಸ್‌ನಿಂದ ಒಂದು ದಪ್ಪ ಕಪ್ಪು ವೈರು ಬಂದಿದೆ. ಅದನ್ನ ಕಿತ್ತುಹಾಕಿ."

"ಏನ್ರೀ, ಸಂಜೆ ಚಿತ್ರ ತೋರಿಸಬೇಕು! ಈ ವೈರು ಯಾವ ಕಾರಣಕ್ಕೂ ಮುಟ್ಟಬಾರದು ಅಂತ ಕೆಂಪು ಅಕ್ಷರದಲ್ಲಿ ಬರೆದು ಅಂಟಿಸಿರೋರು ಯಾರು?"

"ನಾನೇ ಸಾರ್. ಕಿತ್ತುಹಾಕಿ."

"ಏನಾಗಿದೆ ಮೊದಲು ಹೇಳಿ."

ಹೇಳಿದೆ. ನನ್ನ ತಪ್ಪಿನಿಂದ ನಿನ್ನೆ ಹದಿನೇಳು ದಾಖಲೆ ಹೋದವು, ಇನ್ನು ಮುಕ್ಕಾಲು ಗಂಟೆಯಲ್ಲಿ ಉಳಿದವೂ ಹೋಗುತ್ತವೆ, ಒಬ್ಬ ಅಜ್ಜಿಯ ದನಿ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ, ಅಜ್ಜಿಯ ಹತ್ತಿರವೂ ಇಲ್ಲ. ಓಡುತ್ತಿರುವ ಸರ್ವರನ್ನು ಹೀಗೆ ಕೊಂದರೆ ಚಿತ್ರದ ಬೆಳಗಿನಿಂದ ಮಾಡಿದ ಕೆಲಸ ಹೋಗಬಹುದು, ಚೀಟಿಗಳೂ ಕೆಲವು ಕೆಡಬಹುದು. ಎಲ್ಲವನ್ನೂ ಹೇಳಿದೆ. ಆಮೇಲೆ ಬಾಗಿಲು ತೆಗೆದ ಸದ್ದು, ಚಪ್ಪಲಿಯ ಸದ್ದು, ಸರ್ವರಿನ ಫ್ಯಾನುಗಳ ಗುಯ್‌ಗುಡುವ ಸದ್ದು ಕೇಳಿಸಿತು. ಫಕ್ಕನೆ ಆ ಸದ್ದು ನಿಂತಿತು. ನನ್ನ ಮುಂದಿನ ಪರದೆ ಬೂದಿ ಬಣ್ಣಕ್ಕೆ ತಿರುಗಿ ‘ಸರ್ವರ್ ಸಂಪರ್ಕ ತಪ್ಪಿದೆ’ ಅಂದಿತು. ನನ್ನ ಕೆಲಸದ ಜೀವನದಲ್ಲಿ ಈ ವಾಕ್ಯ ಓದಿ ಖುಷಿಪಟ್ಟದ್ದು ಅದೊಂದೇ ಸಲ.

"ನಾಳೆ ಮಾತಾಡೋಣ," ಎಂದಷ್ಟೇ ಹೇಳಿ ನಿರ್ದೇಶಕರು ಫೋನಿಟ್ಟರು.

ಆ ಸಂಜೆ ಚಾಮರಾಜನಗರಕ್ಕೆ ವಾಪಸು ಬಂದು, ಅಳಿಸುವ ನಿಯಮವನ್ನು ಮೊದಲು ಕಿತ್ತು, ಆಮೇಲೆ ಸರ್ವರನ್ನು ಎಬ್ಬಿಸಿದೆ. ಚಿತ್ರದ ಕೊನೆಯ ಭಾಗ ಹೋಗಿತ್ತು. ಅತಿಥಿಗಳಿಗೆ ಹಳೆಯದೊಂದನ್ನು ತೋರಿಸಿ ಕಳಿಸಿದರು. ಸಂಕಲನಕಾರ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ನಿರ್ದೇಶಕರು ಮಾತಾಡಿದರು, ಅದನ್ನು ಇಲ್ಲಿ ಬರೆಯುವುದಿಲ್ಲ, ನನಗೆ ಸಿಗಬೇಕಾದದ್ದೇ ಸಿಕ್ಕಿತು. ಅಳಿಸಿದ ಕಡತ ಎತ್ತುವ ತಂತ್ರಾಂಶ ಹಾಕಿ ನಾಲ್ಕು ದಿನ ಡಿಸ್ಕನ್ನು ಕೆದಕಿದೆ. ಸೂಚಿ ಕಟ್ಟಿದಾಗ ಅದರ ಮೇಲೆಯೇ ಹೊಸದು ಬರೆದುಬಿಟ್ಟಿತ್ತು. ಬಂದದ್ದೆಲ್ಲ ಕೊರಕಲು ಸದ್ದು. ಹಂಗಳದ ಇಪ್ಪತ್ತಾರು ದಾಖಲೆ ಉಳಿದವು. ಅಜ್ಜಿಯ ಹಾಡು ಹದಿನಾರರಲ್ಲಿ ಹನ್ನೊಂದು.

ಈ ಸಲ ಹನ್ನೊಂದನ್ನೂ ಕೂತು ಕೇಳಿದೆ. ಧ್ವನಿ ದೋಷ ಇದ್ದದ್ದು ನಿಜ. ಅಜ್ಜಿ ಒಂದು ಸಾಲು ಹಾಡುತ್ತಾರೆ, ಆಮೇಲೆ ನಾಲ್ಕೂವರೆ ಸೆಕೆಂಡು ಏನೂ ಇಲ್ಲ. ಇನ್ನೊಂದು ಸಾಲು, ಮತ್ತೆ ಖಾಲಿ. ಎಲ್ಲ ಹಾಡಿನಲ್ಲೂ ಹಾಗೆಯೇ. ಮೈಕಿನ ವೈರು ಸಡಿಲವಿತ್ತೋ ಏನೋ. ಇಂಥ ತೂತು ತೂತು ಹಾಡನ್ನು ಮದುವೆ ಮನೆಗೆ ಹೇಗೆ ಕೊಡುವುದು? ಗುಂಡ್ಲುಪೇಟೆಗೆ ಫೋನು ಮಾಡಿದೆ.

"ಅಮ್ಮ, ಮಧ್ಯೆ ಮಧ್ಯೆ ದನಿ ಹೋಗಿದೆ. ಆ ಖಾಲಿ ಜಾಗ ಕತ್ತರಿಸಿ ಸಾ‌ಲುಗಳನ್ನ ಜೋಡಿಸಿಬಿಡಲಾ?"

"ಅಯ್ಯೋ ಬ್ಯಾಡಿ ಸಾ! ಬುಡಿ, ಅಂಗೇ ತಕ್ಕಬನ್ನಿ."

"ಯಾಕೆ?"

"ಅಂಗೇ ಇರ್ಬೇಕು ಸಾ ಅದು. ಅವತ್ತು ಜೊತೆ ಎಂಗುಸ್ರೆಲ್ಲ ಚೆಂಡೂವ ಕುಯ್ಯಕೆ ಓಗ್ಬುಟ್ಟಿದ್ರು, ಅಜ್ಜಿ ಒಬ್ರೇ ಬಂದಿದ್ರು."

ಚೆಂಡು ಹೂವಿಗೂ ಮೈಕಿಗೂ ಏನು ಸಂಬಂಧ? ತಿಳಿಯಲಿಲ್ಲ. ಆದರೆ ತಿಳಿಯದ್ದನ್ನು ತಿದ್ದುವ ಚಟ ಬಿಡಬೇಕೆಂದು ಅಷ್ಟರಲ್ಲಿ ಬುದ್ಧಿ ಬಂದಿತ್ತು. ಆಕೆ ಹೇಳಿದಂತೆ ಒಂದು ಸೆಕೆಂಡನ್ನೂ ಮುಟ್ಟದೆ ಪೆನ್ ಡ್ರೈವಿಗೆ ಹಾಕಿಕೊಂಡೆ.

ಮದುವೆಯ ಹಿಂದಿನ ದಿನ, ಭಾನುವಾರ, ಅರಿಶಿನದ ಶಾಸ್ತ್ರ. ನಾನೇ ಹಂಗಳಕ್ಕೆ ಹೋದೆ. ರಸ್ತೆಯ ಎರಡೂ ಕಡೆ ಚೆಂಡು ಹೂವಿನ ಹೊಲ. ಮನೆ ಮುಂದೆ ಹಸಿರು ಚಪ್ಪರ. ಚೀಟಿ ಬರೆಯುವಾಕೆ ಮೊದಲೇ ಬಂದು ವೀಳ್ಯದೆಲೆ ಒರೆಸುತ್ತಾ ಕೂತಿದ್ದರು. ಅಜ್ಜಿ ಕಂಬಕ್ಕೊರಗಿ ಚಾಪೆಯ ಮೇಲಿದ್ದರು. ಕುತ್ತಿಗೆಗೆ ಬಿಳಿ ಬಟ್ಟೆ, ಅದರ ಹಿಂದಿನಿಂದ ಉಸಿರಿನ ಸದ್ದು. ಹೆಡ್‌ಫೋನಿನಲ್ಲಿ ಕೇಳಿದ ಆ ಗಟ್ಟಿ ದನಿಯವರು ಇವರೇನಾ ಅನ್ನಿಸಿತು. ನನ್ನನ್ನು ನೋಡಿ ಕೈ ತಿರುವಿ ಏನೋ ಕೇಳಿದರು.

"ಯಾವೂರು ಅಂತ ಕೇಳ್ತಾವ್ಳೆ," ಎಂದರು ಮಗಳು.

"ಹರದನಹಳ್ಳಿ," ಅಂದೆ. ಅಜ್ಜಿಗೆ ತಿಳಿಯಲಿಲ್ಲ. ಮತ್ತೆ ಕೈ ತಿರುವಿದರು.

"ಅರದನಳ್ಳಿಯಂತೆ ಕಣವ್ವ," ಎಂದರು ಮಗಳು. ಅಜ್ಜಿ ತಲೆ ಆಡಿಸಿದರು.

ಆಮೇಲೆ ನಾನು ಹೇಳಬೇಕಾದದ್ದು ಹೇಳಿದೆ. "ಅವ್ವ, ಹದಿನಾರರಲ್ಲಿ ಹನ್ನೊಂದು ತಂದಿದ್ದೀನಿ. ಐದು ಹೋಯ್ತು. ನನ್ನ ತಪ್ಪಿನಿಂದ ಹೋಯ್ತು, ಬೇರೆ ಯಾರದೂ ಅಲ್ಲ."

ಮಗಳ ಮುಖ ಇಳಿಯಿತು. "ಎಣ್ಣೊಪ್ಸೋ ಆಡು ಅದಾ ಅಣ್ಣ?"

ಹೆಣ್ಣನ್ನು ಗಂಡಿನ ಕಡೆಯವರಿಗೆ ಒಪ್ಪಿಸುವಾಗಿನ ಹಾಡು. ಐದರಲ್ಲಿ ಅದೂ ಹೋಗಿತ್ತು. ಇಲ್ಲ ಎಂದೆ. ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಪರವಾಗಿಲ್ಲ ಅನ್ನಲಿಲ್ಲ, ಬೈಯಲೂ ಇಲ್ಲ. ಮುಖ ಆ ಕಡೆ ತಿರುಗಿಸಿಕೊಂಡರು. ಬೈಸಿಕೊಂಡಿದ್ದರೆ ವಾಸಿಯಿತ್ತು.

ಮದುಮಗಳನ್ನು ಹಸೆಗೆ ಕೂರಿಸಿದರು. ಹೆಂಗಸರು ಅರಿಶಿನದ ಬಟ್ಟಲು ಹಿಡಿದು ಸುತ್ತ ಕೂತರು. ಅಜ್ಜಿಯ ಪಕ್ಕದಲ್ಲೇ ಸ್ಟೂಲಿನ ಮೇಲೆ ಸ್ಪೀಕರ್ ಇಟ್ಟು, ಪೆನ್ ಡ್ರೈವ್ ಹಾಕಿ, ಮೊದಲ ಹಾಡು ಒತ್ತಿದೆ. ಆ ದನಿ ಚಪ್ಪರವೆಲ್ಲ ತುಂಬಿಕೊಂಡಿತು. ಅರಿಶಿನದ ಕೈಗಳು ಅಲ್ಲಲ್ಲೇ ನಿಂತವು. ಮದುಮಗಳು ತಲೆ ಎತ್ತಿ ಅಜ್ಜಿಯನ್ನು ನೋಡಿ ಗೊಳೋ ಎಂದು ಅತ್ತುಬಿಟ್ಟಳು. ಅಜ್ಜಿ ಸ್ಪೀಕರಿನ ಕಡೆ ನೋಡುತ್ತಿದ್ದರು, ತುಟಿ ಅಲ್ಲಾಡುತ್ತಿತ್ತು.

ಸಾಲು ಮುಗಿಯಿತು. ಖಾಲಿ ಬಂತು. ಚಪ್ಪರವೂ ಮೌನ. ಕೆಟ್ಟಿತು, ಎಲ್ಲರೆದುರು ಕೆಟ್ಟಿತು, ಮುಂದಿನ ಸಾಲಿಗೆ ಓಡಿಸೋಣ ಎಂದು ಗುಂಡಿಯ ಕಡೆ ಕೈ ಚಾಚಿದೆ. ಅಜ್ಜಿ ಗಬಕ್ಕನೆ ನನ್ನ ಮಣಿಕಟ್ಟು ಹಿಡಿದರು. ಅಷ್ಟು ಬಲ ಆ ಕೈಯಲ್ಲಿತ್ತೇ! ಹಿಡಿದುಕೊಂಡೇ ಇನ್ನೊಂದು ಕೈಯನ್ನು ಹೆಂಗಸರ ಕಡೆ ಎತ್ತಿ ಅಲ್ಲಾಡಿಸಿದರು.

ಹೆಂಗಸರು ಒಟ್ಟಿಗೇ ಸೊಲ್ಲು ಎತ್ತಿದರು. ಮುಂದೆ ಹೇಳುವವಳು ಒಂದು ಸಾಲು ಹೇಳಿದರೆ ಹಿಂದೆ ಹೇಳುವವರು ಸೋಬಾನೆ ಎಂದು ಸೊಲ್ಲು ಹಿಡಿಯಬೇಕು. ಹೂ ಕೊಯ್ಯಲು ಹೋಗಿದ್ದವರಿಗಾಗಿ ಅಜ್ಜಿ ಅವತ್ತು ಹಸಿರು ಪರದೆಯ ಮುಂದೆ ಒಬ್ಬರೇ ಕೂತು, ಪ್ರತಿ ಸಾಲಿನ ಕೊನೆಗೂ ಅವರ ಪಾಲಿನಷ್ಟು ಹೊತ್ತು ಸುಮ್ಮನಿದ್ದರು. ಅದೇ ನಮ್ಮ ತಪಾಸಣೆಗೆ ದೋಷವಾಗಿ ಕಂಡಿತ್ತು. ಹೆಂಗಸರಿಗೆ ಆ ನಾಲ್ಕೂವರೆ ಸೆಕೆಂಡು ಸರಿಯಾಗಿ ಸಾಕಾಯಿತು. ಅವರ ಸೊಲ್ಲು ಮುಗಿದು ಸ್ಪೀಕರಿನಲ್ಲಿ ತಮ್ಮ ದನಿ ಮತ್ತೆ ಎದ್ದ ಮೇಲೆಯೇ ಅಜ್ಜಿ ನನ್ನ ಕೈ ಬಿಟ್ಟದ್ದು.